ಕದಿರಮ್ಮನ ಹಕಾರ

ಬೂದಿಕೋಟೆಯಿಂದ ಬಂಗಾರಪೇಟೆಗೆ ಬರುವ ಬಸ್ಸಿನಲ್ಲಿ ಕದಿರಮ್ಮನಿಗೆ ಕೂರಲಾಗಲಿಲ್ಲ. ಸೀಟಿದ್ದರೂ ಎದ್ದು ಕಂಬಿ ಹಿಡಿದು, "ಹೋಗು ಮಗನೇ, ಹೋಗು" ಎಂದು ಗೊಣಗಿಕೊಳ್ಳುತ್ತಿದ್ದಳು. ಮುಂದೆ ನಿಂತಿದ್ದವನು ತನಗೇ ಹೇಳಿದಳೆಂದುಕೊಂಡು ಅತ್ತ ಸರಿದ.

ಸುತ್ತಲ ಊರುಗಳ ಪೌರಾಣಿಕ ನಾಟಕಗಳಲ್ಲಿ ಇಪ್ಪತ್ತು ವರ್ಷ ದ್ರೌಪದಿ ಅಂದರೆ ಕದಿರಮ್ಮನೇ. ಹಾಲು 'ಆಲಾ'ಗುವ ಸೀಮೆಯವಳ ನಾಲಿಗೆಗೆ ಹಕಾರ ಕೂರಿಸುವಷ್ಟರಲ್ಲಿ ಹಾರ್ಮೋನಿಯಂ ಮೇಷ್ಟ್ರು ಕೋದಂಡಪ್ಪನವರಿಗೆ ಸಾಕುಸಾಕಾಗಿತ್ತು. ತಪ್ಪಿದಾಗಲೆಲ್ಲ ಪೆಟ್ಟಿಗೆಯನ್ನು ಟಕ್ಕೆಂದು ಕುಟ್ಟುತ್ತಿದ್ದರು. ಆ ಹೆದರಿಕೆಗೆ ಒಮ್ಮೆ ತುಂಬಿದ ಸಭೆಯಲ್ಲಿ ಕೃಷ್ಣನನ್ನು "ಅಣ್ಣಾ" ಎನ್ನುವ ಬದಲು "ಹಣ್ಣಾ" ಎಂದು ಕರೆದಿದ್ದಳು, ಪಾಪ.

ಆಮೇಲೆ ಸಿನಿಮಾದವರು ಕರೆದರು. ಮೂರು ಚಿತ್ರಗಳಲ್ಲಿ ತಾಯಿಯಾದಳು. ಮೂರರಲ್ಲೂ ಮುಖ ಅವಳದು, ಮಾತು ಇನ್ಯಾರದೋ. ಅಳುವಾಗ ಇವಳ ಹಕಾರ ಜಾರುತ್ತದೆಂದು ಬೇರೆಯವರಿಂದ ಡಬ್ಬಿಂಗ್ ಮಾಡಿಸಿದ್ದರು. ಅಳುವವಳ ವ್ಯಾಕರಣ ನೋಡುವ ಜನಕ್ಕೆ ಏನು ಹೇಳುವುದು! ಥಿಯೇಟರಿನಲ್ಲಿ ತನ್ನ ಬಾಯಿಂದ ಪರರ ದನಿ ಬಂದಾಗ ಆದ ಅವಮಾನವನ್ನು ಕದಿರಮ್ಮ ಮರೆತಿರಲಿಲ್ಲ.

ಈ ಸಲ ಊರಿಗಾಂನಲ್ಲಿ, ಚಿನ್ನದ ಗಣಿ ಕಾರ್ಮಿಕರ ಹಳೇ ಲೈನ್ ಮನೆಗಳಲ್ಲಿ ಶೂಟಿಂಗ್. ನಿರ್ದೇಶಕಿ ಸಹನ, ನಿಮ್ಮ ದನಿಯನ್ನೇ ಇಟ್ಟುಕೊಳ್ಳುತ್ತೇನೆ ಎಂದಿದ್ದಳು. ಆ ಮಾತೇ ನಿದ್ದೆ ಕೆಡಿಸಿತ್ತು. ಈಗ ತಪ್ಪಿದರೆ ಇನ್ನೆಂದೂ ಇಲ್ಲ.

ತಾಯಿ ಮಗನನ್ನು ಊರು ಬಿಟ್ಟು ಕಳಿಸುವ ದೃಶ್ಯ. ಕ್ಯಾಮೆರಾ ಮುಂದೆ ಎದೆಯುಬ್ಬಿಸಿ "ಹೋಗು" ಎಂದಳು. ಇನ್ನೊಮ್ಮೆ ಎಂದಳು ಸಹನ. ಹಕಾರ ಸಾಲದಾಯಿತೇನೋ ಎಂದು ಕದಿರಮ್ಮ ಇನ್ನಷ್ಟು ಉಸಿರು ತುಂಬಿದಳು. ಅದೂ ಬೇಡವಾಯಿತು. ಮತ್ತೆ ಹೇಳಿದಳು, ಮತ್ತೆ ಬೇಡವಾಯಿತು. ಕೊನೆಗೆ ತಾಳ್ಮೆ ಕೆಟ್ಟು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ನನ್ ಕೈಲಾಗಲ್ಲಮ್ಮ. ಯಾರ್ ಕೈಲಾದ್ರೂ ಏಳ್ಸ್ಕೋ. ನಾನ್ ಊರಿಗ್ ಓಗ್ತೀನಿ."

"ಇದೇ ಬಾಯಲ್ಲಿ ಮಗನಿಗೆ ಹೇಳಿ, ಅಮ್ಮ," ಎಂದಳು ಸಹನ. "ನಾನು ಕಾಯ್ತಿರೋದು ಇದಕ್ಕೇನೇ."

ಕದಿರಮ್ಮ ನಂಬಿಕೆಯಿಲ್ಲದೆ ಅವಳ ಮುಖ ನೋಡಿದಳು. ಮಗನ ಪಾತ್ರದವನ ಕಡೆ ತಿರುಗಿ "ಓಗ್ಲಾ, ಮಗ್ನೇ" ಎಂದಳು. ಅಲ್ಲಿದ್ದವರಾರೂ ಇನ್ನೊಮ್ಮೆ ಎನ್ನಲಿಲ್ಲ.

ಚಿತ್ರ ಬಂಗಾರಪೇಟೆಗೆ ಬಂದಾಗ ಕೋದಂಡಪ್ಪನವರನ್ನು ಪಕ್ಕದಲ್ಲೇ ಕೂರಿಸಿಕೊಂಡಳು. ಪರದೆಯಿಂದ ಆ "ಓಗ್ಲಾ" ಕಿವಿಗೆ ಬಿದ್ದದ್ದೇ ತಡ, ಮೇಷ್ಟ್ರು ಕುರ್ಚಿಯ ಕೈಯನ್ನು ಟಕ್ಕೆಂದು ಕುಟ್ಟಿದರು.

"ಹಕಾರ ಎಲ್ಲಮ್ಮ?"

"ಅದು ದ್ರೌಪದೀದು ಮೇಷ್ಟ್ರೇ," ಎಂದಳು ಕದಿರಮ್ಮ, ಕಣ್ಣೊರೆಸಿಕೊಳ್ಳುತ್ತ. "ಇದು ನಂದು."