ಸಕ್ಕರೆಯ ಕಾಲ್ಗೆಜ್ಜೆ

ಮಾವನ ಕೆನ್ನೆಗಳೆರಡೂ ಖಾಲಿ ಚೀಲದಂತೆ ಜೋತುಬಿದ್ದಿದ್ದವು. ವಯಸ್ಸಿನಿಂದಲ್ಲ. ಸೇಲಂನಲ್ಲಿ ನಲವತ್ತು ವರ್ಷ ಬೆಳ್ಳಿ ಕಾಲ್ಗೆಜ್ಜೆಗೆ ಬೆಸುಗೆ ಹಾಕಿದವರು ಅವರು. ಊದುಗೊಳವೆ ಬಾಯಲ್ಲಿ ಕಚ್ಚಿಕೊಂಡು, ದೀಪದ ಉರಿಯನ್ನು ಸೂಜಿಮೊನೆಯಷ್ಟು ಸಣ್ಣಗೆ ಮಾಡಿ, ಸಾಸಿವೆ ಗಾತ್ರದ ಮಣಿಗಳನ್ನು ಒಂದೊಂದಾಗಿ ಕೂಡಿಸುತ್ತಿದ್ದರು. ಊದಿ ಊದಿ ಕೆನ್ನೆ ಸಡಿಲವಾಗಿತ್ತು. ಚಿಕ್ಕವಳಿದ್ದಾಗ ಅಮ್ಮನ ಜೊತೆ ಮೊರಪ್ಪೂರಿನಲ್ಲಿ ರೈಲು ಹತ್ತಿ ಅವರ ಮನೆಗೆ ಬಂದರೆ, ತೊಡೆಯೇರಿ ಆ ಕೆನ್ನೆ ಹಿಡಿದೆಳೆಯುವುದೇ ನನ್ನ ಮೊದಲ ಕೆಲಸ. ಅಮ್ಮನ ಅಣ್ಣ, ಎಷ್ಟೆಳೆದರೂ ಬೈಯುತ್ತಿರಲಿಲ್ಲ.

ಮೆಷಿನ್ ಗೆಜ್ಜೆ ಬಂದ ಮೇಲೆ ಅವರಿಗೆ ಕೆಲಸ ಕಡಿಮೆಯಾಯಿತು. ಅಷ್ಟರಲ್ಲಿ ನಾನು ಮದುವೆಯಾಗಿ ಸೇಲಂಗೆ ಬಂದು, ಫೋನಿನಲ್ಲಿ ವೀಡಿಯೋ ನೋಡಿ ಕಲಿತು, ಮನೆಯಲ್ಲೇ ಕುಕ್ಕಿ ಮಾಡಲು ಶುರುಮಾಡಿದ್ದೆ. ಕ್ರಿಸ್‌ಮಸ್‌ಗೆ ನಕ್ಷತ್ರ, ದೀಪಾವಳಿಗೆ ಹಣತೆ, ಹುಟ್ಟುಹಬ್ಬಕ್ಕೆ ಆನೆ, ಕಾರು, ಚಿಟ್ಟೆ. ಬೇಯಿಸಿದ ಸಕ್ಕರೆ ಬಿಸ್ಕತ್ತಿನ ಮೇಲೆ ಬಣ್ಣದ ಐಸಿಂಗಿನಿಂದ ಚಿತ್ರ ಬಿಡಿಸುವ ಕೆಲಸ. ಮಾವ ಮೊದಲ ಸಲ ನೋಡಿದಾಗ ಕೇಳಿದ್ದು, "ಏನ್ ಕೂಸೇ, ಬಿಸ್ಕೆತ್ಗೆ ಸುಣ್ಣ ಬಳೀತಾ ಇದ್ದೀಯಾ?"

ನನಗೆ ಉರಿದುಹೋಯಿತು. "ನೀನೇ ಬಳಿ ನೋಡಾನ ಮಾವ" ಎಂದು ಐಸಿಂಗ್ ಕೋನನ್ನು ಅವರ ಕೈಗೆ ತುರುಕಿದೆ.

ಕುರ್ಚಿ ಬೇಡವೆಂದು ನೆಲದಲ್ಲಿ ಮಣೆ ಹಾಕಿ, ಬಲಮಂಡಿ ಎತ್ತಿ ಕೂತರು. ಉಸಿರು ಬಿಗಿಹಿಡಿದು ನಕ್ಷತ್ರದ ಅಂಚಿಗೆ ಚುಕ್ಕಿ ಇಡುತ್ತಾ ಹೋದರು. ಒಂದು ಚುಕ್ಕಿ ಇನ್ನೊಂದಕ್ಕಿಂತ ದೊಡ್ಡದಿಲ್ಲ, ಚಿಕ್ಕದಿಲ್ಲ. ಆರು ತಿಂಗಳು ತಿಣುಕಿದರೂ ನನಗೆ ಬಾರದಿದ್ದ ಕೆಲಸ. ಆದರೆ ಮುಗಿದ ಕೂಡಲೇ ಕೆನ್ನೆ ಉಬ್ಬಿಸಿ ಫೂ ಎಂದು ಊದಿಬಿಟ್ಟರು! ಕೈ ನಿಂತರೆ ಬಾಯಿ ತಾನಾಗಿ ಊದುವುದು ನಲವತ್ತು ವರ್ಷದ ಅಭ್ಯಾಸ. ಹಸಿ ಐಸಿಂಗ್ ಸುಕ್ಕುಗಟ್ಟಿ ಚುಕ್ಕಿಗಳೆಲ್ಲ ಒಂದರೊಳಗೊಂದು ಹರಿದವು. ಆ ವಾರ ಹೀಗೆ ಎಷ್ಟು ನಕ್ಷತ್ರ ಹಾಳಾದವೋ. ಕೊನೆಗೆ ಅವರೇ ಹೆಗಲ ಟವೆಲನ್ನು ಬಾಯಿಗೆ ಬಿಗಿದುಕೊಂಡು, "ಈ ಬಾಯಿಗೆ ಬುದ್ಧಿ ಬರಾಕಿಲ್ಲ, ಕಟ್ಟಾಕ್ಬುಡಾನ" ಎಂದರು. ಅಂದಿನಿಂದ ನಮ್ಮ ಅಡುಗೆಮನೆಯಲ್ಲಿ ದರೋಡೆಗೆ ಹೊರಟವರಂತೆ ಮುಖ ಕಟ್ಟಿಕೊಂಡ ಮಾವ ಕ್ರಿಸ್‌ಮಸ್ ತಾತನ ಗಡ್ಡ ಬಿಡಿಸುತ್ತಿದ್ದರು. ಮುರಿದ ಕುಕ್ಕಿಗಳನ್ನು ಕಾಫಿಗೆ ಅದ್ದಿ ತಿಂದು, "ಬಲು ಇನಿಪ್ಪು, ಸಕ್ರೆಗೆ ಹಲ್ಲೆಲ್ಲಾ ಜುಂ ಅಂತೈತೆ" ಎನ್ನುತ್ತಲೇ ಇನ್ನೊಂದಕ್ಕೆ ಕೈ ಹಾಕುವರು.

ಊರಿನ ಸುದ್ದಿಯೆಲ್ಲ ಆಡುತ್ತಿದ್ದ ಮಾವ ಮಗಳ ಮಾತು ಮಾತ್ರ ಎತ್ತುತ್ತಿರಲಿಲ್ಲ. ಅತ್ತೆ ತೀರಿಕೊಂಡಾಗ ಅವಳಿಗೆ ಐದು ವರ್ಷ. ಜಡೆ ಹೆಣೆದು, ಶಾಲೆಗೆ ಬುತ್ತಿ ಕಟ್ಟಿ, ಒಬ್ಬರೇ ಬೆಳೆಸಿದರು. ಅವಳು ಧರ್ಮಪುರಿಯಲ್ಲಿ ಕೆಲಸಕ್ಕೆ ಸೇರಿ, ಬೇರೆ ಜಾತಿಯ ಹುಡುಗನನ್ನು ತಾನೇ ಒಪ್ಪಿ ಮದುವೆಯಾದಳು. ಮಾವ ಆರತಕ್ಷತೆಗೆ ಹೋಗಿ, ಹಾಲ್ ತುಂಬ ಕೂತಿದ್ದ ಬೀಗರ ಮುಂದೆ "ನಂಗೆ ಮಗಳಿಲ್ಲ" ಎಂದು ಹೇಳಿ, ನೀರೂ ಕುಡಿಯದೆ ಬಂದುಬಿಟ್ಟರು. ಮೂರು ವರ್ಷ ಅತ್ತ ತಲೆ ಹಾಕಲಿಲ್ಲ. ಹಟದಲ್ಲಿ ಅವಳೂ ಅಪ್ಪನ ಮಗಳೇ.

ಹೋದ ವರ್ಷ ಅವಳು ನನಗೆ ಫೋನ್ ಮಾಡಿದಳು. "ಅತ್ಗೆ, ಪಾಪೂಗೆ ಒಂದ್ ವರ್ಸ ತುಂಬ್ತದೆ. ಬರ್ತ್‌ಡೇಗೆ ನಿಮ್ ಕುಕ್ಕೀನೇ ಬೇಕು. ಅಪ್ಪಂಗೆ ಮಾತ್ರ ಏಳ್ಬ್ಯಾಡಿ."

ನಲವತ್ತು ಕುಕ್ಕಿ, ಪ್ರತಿಯೊಂದರ ಮೇಲೂ ಮಗುವಿನ ಹೆಸರು. ಮೊದಲ ಹೆಣ್ಣು ಮಗುವಿಗೆ ಅಜ್ಜಿಯ ಹೆಸರಿಡುವುದು ನಮ್ಮವರ ರೂಢಿ. ಅವಳು ತೀರಿಹೋದ ತಾಯಿಯ ಹೆಸರನ್ನೇ ಇಟ್ಟಿದ್ದಳು. ನಾನೇ ಬರೆಯಲು ಕೂತು ಆರು ಕೆಡಿಸಿದೆ. ಬೇರೆ ದಾರಿ ಕಾಣದೆ ಹೆಸರಿನ ಚೀಟಿಯನ್ನು ಮಾವನ ಮುಂದಿಟ್ಟೆ. ಹೆಂಡತಿಯ ಹೆಸರನ್ನು ಅವರು ಬಹಳ ಹೊತ್ತು ನೋಡಿದರು.

"ಯಾವೂರು?"

"ಧರ್ಮಪುರಿ, ಮಾವ."

"ಎಣ್ ಕೂಸಾ?"

"ಊಂ. ಒಂದನೇ ವರ್ಸ."

ಮಾವ ಟವೆಲ್ ಬಿಚ್ಚಿ ಮುಖ ತೊಳೆದು ಬಂದರು. "ಚಿಟ್ಟೆಗಿಟ್ಟೆ ಬ್ಯಾಡ. ಕಾಲ್ಗೆಜ್ಜೆ ಆಕಾರಕ್ಕೆ ಕತ್ತರ್ಸಿ ಬೇಯ್ಸಿಕೊಡು" ಎಂದರು. ಎರಡು ದಿನ ಮಣೆಯಿಂದ ಏಳಲಿಲ್ಲ. ನಲವತ್ತು ಕಾಲ್ಗೆಜ್ಜೆಗೂ ಬಿಳಿ ಐಸಿಂಗಿನ ಮಣಿಗಳ ಸಾಲು, ನಡುವೆ ಹೆಸರು. ಮೊಮ್ಮಗಳಿಗೆ ಬೆಳ್ಳಿಯಲ್ಲಿ ಮಾಡಬೇಕಾದ್ದನ್ನು ಸಕ್ಕರೆಯಲ್ಲಿ ಮಾಡಿದರು.

ಹುಟ್ಟುಹಬ್ಬದ ಬೆಳಿಗ್ಗೆ ನಾನು ಸೀರೆ ಉಟ್ಟು ಬರುವಷ್ಟರಲ್ಲಿ ಮಾವ ಬಾಗಿಲಲ್ಲಿ ನಿಂತಿದ್ದರು. ಕ್ಷೌರ ಮಾಡಿಸಿಕೊಂಡಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಪಂಚೆ. ಕುಕ್ಕಿ ಡಬ್ಬಗಳನ್ನು ಆಗಲೇ ಎದೆಗೆ ಅವಚಿಕೊಂಡಿದ್ದರು.

"ನಾನೂ ಬತ್ತೀನಿ ಕೂಸೇ. ಒಳಕ್ಕೆ ಬರಾಕಿಲ್ಲ. ಬಾಗ್ಲಾಗೇ ಕೊಟ್ಟು, ಮಗೀನ ಮೊಕ ನೋಡ್ಕಂಡು ಬಂದ್ಬುಡ್ತೀನಿ."

ಆರತಕ್ಷತೆಯ ದಿನ ನನ್ನ ಕಣ್ಣಿಗೆ ಕಟ್ಟಿತು. ಮತ್ತೆ ಜನ ತುಂಬಿದ ಹಾಲ್, ಅದೇ ಬೀಗರು. ಇವರು ಏನಾದರೂ ಅಂದರೆ? ಇವರನ್ನೇ ಯಾರಾದರೂ ಅಂದರೆ? ಅಪ್ಪನಿಗೆ ಹೇಳಬೇಡ ಎಂದವಳಿಗೆ ಏನೆಂದು ಉತ್ತರ ಕೊಡಲಿ? ಒಂದು ಫೋನ್ ಮಾಡಿ ಅವಳನ್ನೇ ಕೇಳಬಹುದಿತ್ತು. ಕೇಳಲಿಲ್ಲ. ಮಹಾ ಜಾಣೆಯ ಹಾಗೆ ಅವರ ಕೈಯಿಂದ ಡಬ್ಬ ಇಸಿದುಕೊಂಡೆ.

"ಇವತ್ ಬ್ಯಾಡ ಮಾವ, ಜನ ಇರ್ತಾರೆ. ಇನ್ನೊಂದ್ ದಿನ ನಾನೇ ಕರ್ಕಂಡೋಗ್ತೀನಿ."

ಖಾಲಿಯಾದ ಕೈಗಳನ್ನು ಎಲ್ಲಿಡಬೇಕೆಂದು ಅವರಿಗೆ ತಿಳಿಯಲಿಲ್ಲ. "ಸರಿ ಕೂಸೇ" ಎಂದರು. "ಬಸ್ಸಲ್ಲಿ ಅಲ್ಲಾಡ್ದಂಗೆ ತೊಡೆ ಮ್ಯಾಲೆ ಇಕ್ಕೋ."

ಇನ್ನೊಂದು ದಿನ ಬರಲೇ ಇಲ್ಲ. ಮುಂದಿನ ಭಾನುವಾರ ಎಂದುಕೊಂಡೆ, ಆರ್ಡರ್ ಬಂತು. ಅದರ ಮುಂದಿನ ಭಾನುವಾರಕ್ಕೂ ಬಂತು. ಮೂರನೇ ವಾರ ಮಾವನಿಗೆ ಉಸಿರು ಕಟ್ಟಿತು. ಬೆಸುಗೆಯ ಹೊಗೆ ಕುಡಿದು ಎಂದೋ ಹಾಳಾಗಿದ್ದ ಎದೆ. ಆಸ್ಪತ್ರೆ ಮುಟ್ಟುವ ಮುಂಚೆ, ಆಟೋದಲ್ಲಿ, ನನ್ನ ಭುಜಕ್ಕೆ ಒರಗಿಕೊಂಡೇ ಹೋಗಿಬಿಟ್ಟರು.

ಮಗಳು ಕೂಸನ್ನು ಸೊಂಟಕ್ಕೆ ಹಾಕಿಕೊಂಡು ಓಡಿಬಂದಳು. ಮಣ್ಣು ಮುಗಿದ ಮೇಲೆ ಗೋಡೆಗೊರಗಿ ನನ್ನ ಪಕ್ಕ ಕೂತಳು.

"ಡಬ್ಬ ತೆಗ್ದೇಟ್ಗೇ ಅಪ್ಪನ್ ಕೈ ಅಂತ ಗೊತ್ತಾಯ್ತು ಅತ್ಗೆ. ಬತ್ತಾರೇನೋ ಅಂತ ಸಾಯಂಕಾಲಗಂಟ ಬಾಗ್ಲು ನೋಡ್ತಾನೇ ಇದ್ದೆ. ಬರ್ಲೇ ಇಲ್ಲ. ಒಂದ್ ದಪನಾದ್ರೂ ಬರ್ಬೇಕು ಅನ್ನಿಸ್ಲಿಲ್ವಾ ಅವ್ರಿಗೆ?"

ಈಗಲೂ ಅವಳು ಫೋನ್ ಮಾಡಿದಾಗಲೆಲ್ಲ ಅದನ್ನೇ ಕೇಳಿ ಅಳುತ್ತಾಳೆ, ನಾನು ಸುಮ್ಮನಿರುತ್ತೇನೆ. ಅಪ್ಪನ ಕಲ್ಲುಮನಸ್ಸು ಎಂದೇ ಅವಳು ನಂಬಿದ್ದಾಳೆ. ನನ್ನ ಕುಕ್ಕಿಗೆ ತಮ್ಮ ಕೈಚಳಕ ಕೊಟ್ಟವರಿಗೆ ನಾನು ಕೊಟ್ಟ ಹೆಸರು ಇದು. ನಮ್ಮ ಮನೆಗಳಲ್ಲಿ ಕನ್ನಡ ಬರೀ ಬಾಯಿಮಾತು, ಓದು ಬರಹವೆಲ್ಲ ತಮಿಳು. ಕನ್ನಡ ಅಕ್ಷರ ಕಲಿತವಳು ನಾನೊಬ್ಬಳೇ. ಅವಳಿಗೆ ಓದಲು ಬರುವುದಿಲ್ಲ ಎಂಬ ಧೈರ್ಯದ ಮೇಲೆ ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ: ನಿಮ್ಮಪ್ಪ ಹೊರಟು ನಿಂತಿದ್ದರು ಕಣೇ, ಬೇಡ ಎಂದವಳು ನಾನು.