ನಾಲ್ಕು ಬೆರಳಿನ ಸಂದಿ

ಕಾರಿನ ಗಾಜು ಏರುತ್ತಿದ್ದಂತೆ ಹಿಂದಿನ ಸೀಟಿನಲ್ಲಿದ್ದ ಅತ್ತೆ ಅದರ ಅಂಚಿಗೆ ಬೆರಳು ಕೊಟ್ಟುಬಿಟ್ಟರು. ನಮ್ಮ ಯಜಮಾನರು ಗಾಬರಿಯಿಂದ ಗುಂಡಿ ಬಿಟ್ಟರು.

ಕೆಟ್ಟಿದ್ದ ಎಸಿಯ ಕಂಪ್ರೆಸರ್ ಬದಲಿಸಿಕೊಂಡು ಸುಡುಬಿಸಿಲಿನಲ್ಲಿ ಉದಗೀರದಿಂದ ಉಮರ್ಗಾಕ್ಕೆ ಮರಳುತ್ತಿದ್ದೆವು. ಹೆಚ್ಚುವರಿ ವಾರಂಟಿ ಮಾಡಿಸಿದ್ದರಿಂದ ಖರ್ಚೇ ಬಿದ್ದಿರಲಿಲ್ಲ. ಯಜಮಾನರಿಗೆ ಅದೇ ಹುರುಪು.

"ಅವ್ವಾ, ಈಗರೆ ಗಾಜ ಮುಚ್ಚಗೊಡು. ಥಂಡ ಹವಾ ಎಲ್ಲಾ ಹೊರಗ ಹೊಂಟದ" ಎಂದು ರೇಗಿದರು.

ಅತ್ತೆ ಬೆರಳು ತೆಗೆಯಲಿಲ್ಲ. "ಭೂಕಂಪದಾಗ ಸಾಸ್ತೂರದ ಮನಿ ಮೈಮ್ಯಾಲ ಬಿತ್ತಲ್ಲ ಮಗಾ, ಇಷ್ಟ ಸಂದ್ಯಾಗೇ ಉಸರ ಆಡಿ ಉಳದೀನಿ. ಇದೊಂದು ಬಿಡು."

ಎಸಿ ಈಗ ಚೆನ್ನಾಗಿದೆ, ವಾರಂಟಿಯೂ ಇದೆ. ಹಿಂದಿನ ಗಾಜು ಮಾತ್ರ ನಾಲ್ಕು ಬೆರಳು ಇಳಿದೇ ಇರುತ್ತದೆ. ಅತ್ತೆ ಕಾರಿನಲ್ಲಿ ಇಲ್ಲದಾಗ ಅದನ್ನು ಪೂರ್ತಿ ಏರಿಸಿ ನೋಡಿದೆ. ನನಗೇ ಉಸಿರು ಕಟ್ಟಿತು.