ಮಿಲ್ಟ್ರಿ ಚೀಲದ ಕಪ್ಪು ಬಿಡಿಸಿದ್ದು

ನಮ್ಮೂರು ಗೆಟ್ಟವಾಡಿಯ ಪಕ್ಕದ ತಾಳವಾಡಿಗೆ ಮೊಬೈಲ್ ಟವರ್ ಬಂದ ಹೊಸದರಲ್ಲಿ ನಮ್ಮವ್ವ ಒಂದು ಘನಕಾರ್ಯ ಮಾಡಿದಳು. ಅಪ್ಪ ಶಬರಿಮಲೆಗೆ ಮಾಲೆ ಹಾಕಿದ್ದ. ಉಟ್ಟ ಪಂಚೆ, ಹೆಗಲ ಮೇಲಿನ ಟವೆಲ್ಲು ಎಲ್ಲ ಕಪ್ಪು. ಹೆಗಲಿಗೆ ಹಾಕುವ ಚೀಲವೂ ಕಪ್ಪಗಿರಲೆಂದು, ಗೋಡೆಯ ಮೊಳೆಯಲ್ಲಿ ತೂಗುತ್ತಿದ್ದ ಹಸಿರು ಮಿಲ್ಟ್ರಿ ಚೀಲವನ್ನು ಕರಿ ಬಣ್ಣದ ಪುಡಿ ಹಾಕಿ ಕುದಿಸಿಯೇ ಬಿಟ್ಟಳು.

ಆ ಚೀಲ ಅಪ್ಪನದಲ್ಲ. ಮಿಲ್ಟ್ರಿಯಲ್ಲಿ ಅವನ ಜೊತೆಗಿದ್ದು ಗಡಿಯಲ್ಲಿ ತೀರಿಕೊಂಡ ಸ್ನೇಹಿತನದು. ಮಕ್ಕಳು ಮುಟ್ಟಿದರೆ ಬೆನ್ನಿಗೆ ಬೀಳುತ್ತಿತ್ತು. ಆ ಸ್ನೇಹಿತನ ಬಗ್ಗೆ ಮಾತ್ರ ಅಪ್ಪ ತುಟಿ ಬಿಚ್ಚಿದವನಲ್ಲ.

“ಆ ಪುಣ್ಯಾತ್ಮನ ಚೀಲಾನೂ ಸ್ವಾಮಿ ದರುಸ್ನ ಮಾಡ್ಲಿ ಅಂತ ಕಣವ್ವಾ” ಎಂದು ಅವ್ವ ನನ್ನೆದುರು ಅತ್ತಳು.

ಹಗ್ಗದ ಮೇಲೆ ಕರಿ ನೀರು ಸುರಿಸುತ್ತಿದ್ದ ಚೀಲವನ್ನು ಅಪ್ಪ ನೋಡಿದ. ಬೈಯಲಿಲ್ಲ. ಮಾಲೆ ಹಾಕಿದವರು ಸಿಟ್ಟು ಮಾಡಬಾರದಲ್ಲ! ಅವ್ವನ ಜೊತೆ ಮಾತು ಬಿಟ್ಟ, ಅಷ್ಟೇ. “ಸ್ವಾಮಿ, ಊಟಕ್ಕೆ ಬನ್ನಿ” ಎಂದರೆ ಬಂದು, ಉಂಡು, ಎದ್ದು ಹೋಗುತ್ತಿದ್ದ.

“ಬೈದ್ರೆ ಸೈಸ್ಕಬೋದು. ಇಂಗೆ ಬಾಯಿ ಒಲ್ಕಂಡೇ ಬೆಟ್ಟಕ್ಕೋಗ್ಬುಟ್ರೆ ನಾನೇನ್ ಮಾಡ್ಲಿ?” ಎಂದಳು ಅವ್ವ. ಅಪ್ಪ ಬೆಟ್ಟಕ್ಕೆ ಹೊರಡಲು ಇರುಮುಡಿ ಕಟ್ಟುವುದರೊಳಗೆ ಕಪ್ಪು ಬಿಡಿಸಲೇಬೇಕೆಂದು ಇಬ್ಬರೂ ಟೊಂಕ ಕಟ್ಟಿದೆವು.

ಓದಿದವಳೆಂಬ ಜಂಬದಲ್ಲಿ ನಾನು ಬ್ಲೀಚಿಂಗ್ ಪೌಡರ್ ತಂದೆ. ಚೀಲದ ಒಳ ಅಂಚಿಗೆ ಚೂರು ಹಚ್ಚಿ ನೋಡಿದರೆ, ಅಯ್ಯೋ ಶಿವನೇ, ದಾರ ಉಗುರಿಗೇ ಕಿತ್ತು ಬಂತು. ಬಣ್ಣಕ್ಕಿಂತ ಮೊದಲು ಚೀಲವೇ ಹೋಗುತ್ತಿತ್ತು. ಆಮೇಲೆ ಹಂಡೆಗೆ ಬಟ್ಟೆ ಸೋಡಾ, ಸೋಪಿನ ಚೂರು ಹಾಕಿ ಕುದಿಸಿದೆವು. ಕರಿ ನೀರು ಚೆಲ್ಲಿ, ಮತ್ತೆ ಕುದಿಸಿದೆವು. ಬೆಳಿಗ್ಗೆ ಎದ್ದು ಇಬ್ಬನಿ ಹುಲ್ಲಿನ ಮೇಲೆ ಹಾಸಿ ಬಿಸಿಲಿಗೆ ಬಿಡುವುದು, ಹಿತ್ತಾಳೆ ಬಕಲಿಗೆ ಹುಣಸೆಹಣ್ಣು ಉಜ್ಜುವುದು. ಕರಿ ಬಣ್ಣ ಹತ್ತಿದ ನನ್ನ ಕೈ ನೋಡಿ ಪಕ್ಕದ ಮನೆ ಅಜ್ಜಿ, “ಏನಮ್ಮೀ, ನೀನೂ ಮಾಲೆ ಆಕ್ಬುಟ್ಟಾ?” ಎಂದು ನಕ್ಕಳು. ಒಲೆ ಮುಂದೆ ಅವ್ವನ ಪಕ್ಕ ಕೂತು ಚಳಿ ಕಾಯಿಸಿದ ಗೆಟ್ಟವಾಡಿಯ ಆ ಬೆಳಗುಗಳು ನನಗೆ ಈಗಲೂ ಬೇಕು ಅನ್ನಿಸುತ್ತವೆ.

ಕಪ್ಪೇನೋ ಹೋಯಿತು. ಹೋಗುವಾಗ ಹಸಿರನ್ನೂ ಕರೆದುಕೊಂಡು ಹೋಯಿತು. ಉಳಿದದ್ದು ಬೂದಿ ಬಣ್ಣ, ಮೈತುಂಬ ಮಚ್ಚೆ.

ಇರುಮುಡಿಯ ದಿನ ಅವ್ವ ಅದನ್ನು ಅಪ್ಪನ ಮುಂದಿಟ್ಟಳು. “ನನ್ ಕೈಲಾದದ್ದು ಇಷ್ಟೇ ಸ್ವಾಮಿ. ಮಾಲೆ ಬಿಚ್ಚಿದ್ಮೇಲೆ ಬಯ್ರಿ. ಮಾತ್ ಬುಡ್ಬೇಡಿ.”

ಅಪ್ಪ ಚೀಲವನ್ನು ತಿರುಗಿಸಿ, ಮಚ್ಚೆಗಳ ಮೇಲೆ ಕೈಯಾಡಿಸಿದ. ಅವನ ಭುಜ ಕುಲುಕಿತು. ಅಳುತ್ತಿದ್ದಾನೆ ಅಂದುಕೊಂಡೆ. ನಗುತ್ತಿದ್ದ!

“ಆ ಬಡ್ಡೀಮಗ ಇದ್ನ ಒಂದಿನಾನೂ ನೆಟ್ಟಗೆ ಮಡಿಕಂಡಿರ್ನಿಲ್ಲ ಕಣಮ್ಮಿ. ಇಂಗೇ ಮಚ್ಚೆ ಮಾಡ್ಕಂಡು ಸಾಹೇಬ್ರ ಮುಂದೆ ನಿಂತ್ಕತಿದ್ದ. ಅವನ್ ದೆಸೆಯಿಂದ ನಾನೂ ಮೈದಾನ ಸುತ್ತಬೇಕಿತ್ತು.”

ಮಾಲೆ ಹಾಕಿದ ಬಾಯಲ್ಲಿ ಬೈಗುಳ! ಅವ್ವ ಅವನ ಪರವಾಗಿ ತಾನೇ ಕೆನ್ನೆ ಬಡಿದುಕೊಂಡಳು. ಅಪ್ಪ ನಿಲ್ಲಿಸಲಿಲ್ಲ. ಸ್ನೇಹಿತ ರಮ್ ಕದ್ದದ್ದು, ಹಿಮದಲ್ಲಿ ಜಾರಿ ಬಿದ್ದದ್ದು, ಅಪ್ಪನಿಗೆ ಜ್ವರ ಬಂದಾಗ ರಾತ್ರಿಯಿಡೀ ಬೈಯುತ್ತಲೇ ಗಂಜಿ ಕುಡಿಸಿದ್ದು.

“ಆಮೇಲೆ?” ಎಂದಳು ಅವ್ವ, ಕಣ್ಣೊರೆಸಿಕೊಳ್ಳುತ್ತ.

“ಆಮೇಲಿಲ್ಲ ಕಣಮ್ಮಿ. ಅಷ್ಟೇಯ” ಎಂದ ಅಪ್ಪ. ಚೀಲವನ್ನು ಅವ್ವನ ಕೈಗೆ ಕೊಟ್ಟು, ಹೆಗಲಿಗೆ ಹಾಕಲೆಂದು ಅವಳ ಮುಂದೆ ಬಗ್ಗಿ ನಿಂತ.